ಲೇಥ್ ಕಲಿಯಕ್ಕೆ ಬಂದ ಹುಡುಗನಿಗೆ ಕೈ ಪಳಗ್ತಿಲ್ಲ: ಇಟ್ಕೊಳ್ಳೋದಾ, ಕಳಿಸೋದಾ?

"ಸಾರ್, ಹುಡುಗ ಬಂದು ಎಂಟು ತಿಂಗಳಾಯ್ತು, ಇನ್ನೂ ಒಂದು ಪಿನ್ನು ಸೈಜಿಗೆ ತೆಗೆಯಕ್ಕೆ ಬರಲ್ಲ, ಕಳಿಸ್ಬಿಡ್ಲಾ?" ಅಂತ ವರ್ಷಕ್ಕೆ ಮೂರ್ನಾಲ್ಕು ಸಲನಾದ್ರೂ ನಂಗೆ ಫೋನ್ ಬರುತ್ತೆ, ಎಲ್ಲಾ ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪರಿಚಯ ಇರೋ ಶೆಡ್ಡಿನವ್ರು, ಅಂದ್ರೆ ಸಣ್ಣ ವರ್ಕ್‌ಶಾಪಿನವ್ರು. ನಮ್ದೂ ಸಣ್ಣ ಶೆಡ್ಡೇ, ನಾಲ್ಕು ಲೇಥು (ರಾಡನ್ನ ತಿರುಗಿಸಿ ಟೂಲಲ್ಲಿ ಕೆತ್ತೋ ಮೆಷಿನ್ನು), ಒಂದು ಮಿಲ್ಲಿಂಗು, ಒಂದು ರೇಡಿಯಲ್ ಡ್ರಿಲ್ಲಿಂಗು, ನನ್ನೂ ಸೇರಿಸಿ ಏಳು ಜನ. ಇಷ್ಟು ವರ್ಷದಲ್ಲಿ ಕಲಿಯಕ್ಕೆ ಅಂತ ಬಂದ ಹುಡುಗ್ರು ಇಪ್ಪತ್ತರ ಮೇಲಾಗಿದಾರೆ, ಅದ್ರಲ್ಲಿ ಕೆಲವ್ರನ್ನ ಕಳಿಸಿದೀನಿ, ಕಳಿಸಬಾರದಿದ್ದೋರನ್ನೂ ಕಳಿಸಿದೀನಿ, ಕಳಿಸಬೇಕಾದೋರನ್ನ ಸುಮ್ನೆ ಇಟ್ಕೊಂಡೂ ಕೂತಿದೀನಿ. ಫೋನಲ್ಲಿ ಪ್ರತಿಯೊಬ್ರಿಗೂ ಅದನ್ನೇ ಹೇಳೋ ಬದ್ಲು ಒಂದ್ಸಲ ಬರೆದಿಟ್ಬಿಡೋಣ ಅಂತ ಕೂತೆ. ಲೇಥ್ ಅಂತ ಹೇಳ್ತಿದೀನಿ ಅಷ್ಟೆ, ವೆಲ್ಡಿಂಗು, ಫಿಟ್ಟಿಂಗು, ಮೋಟಾರ್ ವೈಂಡಿಂಗ್ ಶಾಪಿನವ್ರಿಗೂ ಮುಕ್ಕಾಲು ಭಾಗ ಹೊಂದುತ್ತೆ.

ಮೊದಲೇ ಒಂದು ಮಾತು, ಹುಡುಗ ನಿಧಾನ ಅನ್ನೋದು ಕಳಿಸಕ್ಕೆ ಕಾರಣಾನೇ ಅಲ್ಲ. ಮೂರು ತಿಂಗಳಲ್ಲಿ ಸರಸರ ಅಂತ ಕಲಿತೋನು ನಾಲ್ಕನೇ ತಿಂಗಳು ಪಕ್ಕದ ಶೆಡ್ಡಿಗೆ ಸಾವಿರ ರೂಪಾಯಿ ಜಾಸ್ತಿಗೆ ಹೋಗಿರ್ತಾನೆ, ನಿಧಾನಕ್ಕೆ ಕಲಿತೋನೇ ಹತ್ತು ವರ್ಷ ನಿಲ್ಲೋದು, ಇದು ನಾನು ಕಂಡಿದ್ದು. ನೋಡಬೇಕಾಗಿರೋದು ಬೇರೆ. ಅವನು ಮಾಡೋ ತಪ್ಪು ಬದಲಾಗ್ತಾ ಇದ್ಯಾ, ಇಲ್ಲ ಮೊದಲ ತಿಂಗಳ ತಪ್ಪೇ ಎಂಟನೇ ತಿಂಗಳಲ್ಲೂ ಇದ್ಯಾ ಅನ್ನೋದು.

ಮೆಷಿನ್ ಮೇಲೆ ಎಷ್ಟು ಗಂಟೆ ನಿಂತಿದಾನೆ ಲೆಕ್ಕ ಹಾಕಿ

ಇದು ಮೊದಲನೇ ಹೆಜ್ಜೆ, ಇದನ್ನ ಬಿಟ್ಟು ಮುಂದೆ ಹೋಗಬೇಡಿ. ಎಂಟು ತಿಂಗಳಾಯ್ತು ಅಂತೀರ, ಆದ್ರೆ ಆ ಎಂಟು ತಿಂಗಳಲ್ಲಿ ಹುಡುಗ ಏನು ಮಾಡ್ದ? ಬೆಳಗ್ಗೆ ಬಂದು ಕಸ ಗುಡಿಸಿದ, ಬರ್ (ಮೆಷಿನ್ನಿಂದ ಉದುರೋ ಲೋಹದ ಚೂರು) ತುಂಬಿದ, ರಾಡ್ ಹೊತ್ತ, ಹ್ಯಾಕ್ಸಾ ಮೆಷಿನ್ನಿಗೆ ಮೆಟೀರಿಯಲ್ ಕಟ್ಟಿದ, ಹತ್ತೂವರೆಗೆ ಟೀ ತಂದ, ಗಾಡಿಲಿ ಪ್ಲೇಟಿಂಗ್‌ನವ್ರ ಹತ್ರ ಹೋಗಿ ಬಂದ, ಮಧ್ಯಾಹ್ನ ಡಿಬರ್ರಿಂಗು (ಪೀಸಿನ ಅಂಚಿನ ಚೂಪು ಉಜ್ಜಿ ತೆಗೆಯೋದು), ನಾಲ್ಕಕ್ಕೆ ಮತ್ತೆ ಟೀ. ಲೇಥ್ ಹ್ಯಾಂಡಲ್ ಹಿಡಿದಿದ್ದು ಯಾವಾಗ? ಸೀನಿಯರ್ ರಜಾ ಹಾಕಿದ್ ದಿನ, ಅದೂ ಅರ್ಜೆಂಟ್ ಜಾಬಿನ ಮೇಲೆ! ಈಜು ಬರದೋನ್ನ ತುಂಬಿದ ಕೆರೆಗೆ ತಳ್ಳಿ ಆಮೇಲೆ ಇವನಿಗೆ ಈಜಕ್ಕೆ ಬರಲ್ಲ ಅಂತ ಹೇಳ್ದಂಗೆ ಇದು.

ಹಿಂದಿನ ಎರಡು ತಿಂಗಳು ನೆನಪು ಮಾಡ್ಕೊಂಡು ಒಂದು ಪೇಪರ್ ಮೇಲೆ ಅಂದಾಜು ಬರೀರಿ, ವಾರಕ್ಕೆ ಎಷ್ಟು ಗಂಟೆ ಅವನೇ ಸ್ವತಃ ಟೂಲ್ ಕಟ್ಟಿ, ಜಾಬ್ (ಮಾಡ್ತಿರೋ ಪೀಸು) ಸೆಟ್ ಮಾಡಿ, ಕಟ್ ಹಾಕಿ, ಅಳತೆ ನೋಡಿದಾನೆ ಅಂತ. ನಾನು ಹೀಗೆ ಒಬ್ಬನ ಲೆಕ್ಕ ಹಾಕಿದಾಗ ಆರು ತಿಂಗಳಿಗೆ ನಲವತ್ತು ಗಂಟೆನೂ ಆಗಿರ್ಲಿಲ್ಲ, ನಂಗೇ ನಾಚಿಕೆ ಆಯ್ತು. ಐಟಿಐ ಅಲ್ಲಿ ಟರ್ನರ್ (ಲೇಥ್ ಕೆಲಸದವನು) ಟ್ರೇಡು 2 ವರ್ಷದ್ದು, ಅಲ್ಲಿ ಮೇಷ್ಟ್ರು ಇರ್ತಾರೆ, ಕೆಡಿಸಿದ್ರೂ ಬೈಯೋ ಕಸ್ಟಮರ್ ಇರಲ್ಲ, ಹಾಗಿದ್ದೂ 2 ವರ್ಷ ಬೇಕು. ನಾವು ಟೀ ತರಿಸ್ಕೊಂಡು ಎಂಟು ತಿಂಗಳಲ್ಲಿ ಟರ್ನರ್ ಆಗು ಅಂದ್ರೆ ಎಲ್ಲಿ ಆಗ್ತಾನೆ. ಗಂಟೆ ಕಮ್ಮಿ ಬಂತು ಅಂದ್ರೆ ಕಳಿಸೋ ಮಾತು ಅಲ್ಲಿಗೇ ನಿಲ್ಸಿ, ಮೊದಲು ಮೆಷಿನ್ ಕೊಡಿ.

ರಿಜೆಕ್ಟ್ ಟ್ರೇ ಸುರಿದು ಕೂತ್ಕೊಳ್ಳಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ನಾನು ಅತಿ ದೊಡ್ಡ ತಪ್ಪು ಮಾಡಿದ್ದು ಇಲ್ಲೇ.

ಒಬ್ಬ ಹುಡುಗ ಇದ್ದ, ರಾಯಚೂರು ಕಡೆಯೋನು, ಮಾತು ಕಮ್ಮಿ. 22 ಎಂಎಂ ದಪ್ಪದ ಪಿನ್ನು (ದುಂಡು ಲೋಹದ ತುಂಡು) ಕೊಟ್ಟಿದ್ವಿ, ಎಷ್ಟು ಸಲ ಮಾಡಿದ್ರೂ ಸೈಜ್ ತಪ್ಪು, ನಮ್ಮ ಸೀನಿಯರ್ ಅಳತೆ ನೋಡೋದು, ಬೈಯೋದು, ಟ್ರೇಗೆ ಎಸೆಯೋದು, ಇದೇ ನಡೀತಿತ್ತು. ಐದನೇ ತಿಂಗಳಲ್ಲಿ ನಾನೇ ಕರೆದು "ಇದು ನಿಂಗಾಗಲ್ಲ ಕಣಪ್ಪ" ಅಂತ ಸಂಬಳ ಕೊಟ್ಟು ಕಳಿಸ್ದೆ. ಹತ್ತು ದಿನ ಆದ್ಮೇಲೆ ಸ್ಕ್ರಾಪ್‌ನವನು ಬಂದ, ಟ್ರೇ ಖಾಲಿ ಮಾಡೋಕ್ ಮುಂಚೆ ಯಾಕೋ ಮೈಕ್ರೋಮೀಟರ್ (ದಪ್ಪ ಅಳೆಯೋ ಸಾಧನ) ತಗೊಂಡು ಆ ಪಿನ್ನುಗಳನ್ನ ಒಂದೊಂದಾಗಿ ನೋಡ್ದೆ. 22.50. ಇನ್ನೊಂದು 22.49. ಇನ್ನೊಂದು 22.51, ಆಮೇಲೆ 22.50. ಹದಿನಾಲ್ಕು ಪಿನ್ನಲ್ಲಿ ಹನ್ನೊಂದು ಹೀಗೇ.

ಮೈಕ್ರೋಮೀಟರ್ ಹಿಡಿದವ್ರಿಗೆ ಈಗ ಗೊತ್ತಾಗಿರುತ್ತೆ. ಅದ್ರ ಸ್ಲೀವ್ (ತಿರುಗದ ಕೊಳವೆ) ಮೇಲೆ ಒಂದು ಕಡೆ ಎಂಎಂ ಗೆರೆ, ಇನ್ನೊಂದು ಕಡೆ ಅರ್ಧ ಎಂಎಂ ಗೆರೆ ಇರುತ್ತೆ, ಥಿಂಬಲ್ (ಕೈಯಲ್ಲಿ ತಿರುಗಿಸೋ ಭಾಗ) ಒಂದು ಸುತ್ತಿಗೆ ಅರ್ಧ ಎಂಎಂ ಮಾತ್ರ ಸರಿಯೋದು, ಆ ಅರ್ಧದ ಗೆರೆ ಹೊರಗೆ ಕಾಣ್ತಿದ್ರೆ 0.50 ಸೇರಿಸ್ಬೇಕು. ಇವನು ಸೇರಿಸ್ತಿರ್ಲಿಲ್ಲ. 22.50 ಇದ್ದಿದ್ದನ್ನ 22.00 ಅಂತ ಓದಿ, ಸೈಜ್ ಬಂತು ಅಂತ ಬಿಚ್ಚಿಬಿಡ್ತಿದ್ದ. ಅಂದ್ರೆ ಆ ಪಿನ್ನುಗಳು ರಿಜೆಕ್ಟೇ ಅಲ್ಲ, ಇನ್ನೊಂದು ಕಟ್ ಹಾಕಿದ್ರೆ ಮುಗೀತಿತ್ತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು, ಹನ್ನೊಂದು ಪಿನ್ನಿಗೂ ಒಂದಕ್ಕೊಂದು ಎರಡು ಪಾಯಿಂಟಿನೊಳಗೆ (ಅಂದ್ರೆ 0.02 ಎಂಎಂ) ವ್ಯತ್ಯಾಸ, ಐದು ತಿಂಗಳ ಹುಡುಗನ ಕೈಯಲ್ಲಿ, ನಮ್ಮ ಹಳೇ ಮೆಷಿನ್ ಮೇಲೆ! ಕೈ ಚಿನ್ನದಂಥ ಕೈ, ಓದೋದು ಮಾತ್ರ ತಪ್ಪು. ಕಣ್ಣು ಸರಿ ಇರ್ಲಿಲ್ವೋ, ನಾವು ಸರಿಯಾಗಿ ಹೇಳ್ಕೊಡ್ಲಿಲ್ವೋ ಇವತ್ತಿಗೂ ಗೊತ್ತಿಲ್ಲ, ಫೋನ್ ಮಾಡಿದ್ರೆ ಆಗ್ಲೇ ಎಲ್ಲೋ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದ, "ಇಲ್ಲಿ ಚೆನ್ನಾಗಿದೆ ಬಿಡಿ ಸಾರ್" ಅಂದ.

ಅದಕ್ಕೇ ಹೇಳೋದು, ರಿಜೆಕ್ಟ್ ಎಷ್ಟು ಆಯ್ತು ಅಂತ ಎಣಿಸಬೇಡಿ, ಒಂದೊಂದನ್ನೂ ಅಳೆದು ಎಷ್ಟರಲ್ಲಿ ತಪ್ಪಿದಾನೆ ಅಂತ ಬರೀರಿ. ತಪ್ಪಿಗೂ ಒಂದು ಮುಖ ಇರುತ್ತೆ. ಸರಿಯಾಗಿ 0.50 ತಪ್ಪಿದ್ರೆ ಮೈಕ್ರೋಮೀಟರ್ ಓದೋದು ಬಂದಿಲ್ಲ. ತೆಗೆಯಬೇಕಾದ್ದಕ್ಕಿಂತ ಸರಿಯಾಗಿ ಡಬಲ್ ತೆಗೆದಿದ್ರೆ ಡಯಲ್ ಅರ್ಥ ಆಗಿಲ್ಲ, ಕೆಲವು ಮೆಷಿನಲ್ಲಿ ಕ್ರಾಸ್ ಸ್ಲೈಡ್ (ಟೂಲನ್ನ ಜಾಬ್ ಕಡೆ ತಳ್ಳೋ ಭಾಗ) 0.10 ಒಳಗೆ ಹೋದ್ರೆ ಡಯಾಮೀಟರಲ್ಲಿ 0.20 ಹೋಗುತ್ತೆ, ಇನ್ನು ಕೆಲವು ಮೆಷಿನಲ್ಲಿ ಡಯಲ್ಲೇ ನೇರ ಡಯಾಮೀಟರ್ ತೋರಿಸುತ್ತೆ, ಹುಡುಗ ಕಾಲೇಜಲ್ಲಿ ಒಂದು ಥರದ ಮೆಷಿನ್ ಹಿಡಿದು ನಿಮ್ಮಲ್ಲಿ ಇನ್ನೊಂದು ಥರದ್ದಕ್ಕೆ ಬಂದಿದ್ರೆ ತಲೆ ಕೆಟ್ಟೇ ಕೆಡುತ್ತೆ. ಒಂದ್ಸಲ ಜಾಸ್ತಿ ಒಂದ್ಸಲ ಕಮ್ಮಿ ಬರ್ತಿದ್ರೆ ಹ್ಯಾಂಡಲ್ ವಾಪಸ್ ತಿರುಗಿಸಿ ಅಲ್ಲೇ ನಿಲ್ಸಿರ್ತಾನೆ, ಸ್ಕ್ರೂನ ಪ್ಲೇ (ಸಡಿಲ) ತೆಗೆಯಕ್ಕೆ ಇನ್ನೂ ಹಿಂದೆ ಹೋಗಿ ಮುಂದಕ್ಕೆ ತರಬೇಕು ಅಂತ ಯಾರೂ ಹೇಳಿರಲ್ಲ. ಮೆಷಿನ್ ಮೇಲೆ ಸೈಜ್ ಸರಿ ಇತ್ತು, ಟೇಬಲ್ಲಿಗೆ ಬಂದ್ಮೇಲೆ ಎರಡು ಪಾಯಿಂಟ್ ಅಂಡರ್ ಸೈಜ್ ಅಂದ್ರೆ ಬಿಸಿ ಜಾಬನ್ನೇ ಅಳೆದಿದಾನೆ. 50 ಎಂಎಂ ಸ್ಟೀಲ್ ಜಾಬು 40 ಡಿಗ್ರಿ ಬಿಸಿ ಏರಿದ್ರೆ ಹತ್ರ ಹತ್ರ 0.02 ದಪ್ಪ ಕಾಣುತ್ತೆ, ಇದು ಲೆಕ್ಕ, ಹುಡುಗನ ದಡ್ಡತನ ಅಲ್ಲ.

ಇವೆಲ್ಲಾ ಹೇಳ್ಕೊಟ್ರೆ ಹೋಗೋ ತಪ್ಪುಗಳು. ಇವತ್ತು ಅರ್ಧ ಎಂಎಂ, ನಾಳೆ ಉದ್ದ ತಪ್ಪು, ನಾಡಿದ್ದು ಡ್ರಾಯಿಂಗಲ್ಲಿರೋ ಚೇಂಫರೇ (ಅಂಚಿನ ಓರೆ ಕಟ್) ಮರೆತ, ಹೀಗೆ ತಲೆಬುಡ ಇಲ್ಲದೆ ಬರ್ತಿದ್ರೆ ಗಮನ ಕೆಲಸದ ಮೇಲಿಲ್ಲ ಅಂತ, ಅದಕ್ಕೆ ಬೇರೆ ಕಾರಣ ಹುಡುಕ್ಬೇಕು.

ಕಾರಣ ಶೆಡ್ಡಿನ ಹೊರಗೂ ಇರುತ್ತೆ

ಮೊದಲು ಕಣ್ಣು ಟೆಸ್ಟ್ ಮಾಡ್ಸಿ. ಮೇಲೆ ಹೇಳಿದ್ದು ಆದ್ಮೇಲೆ ನಮ್ಮಲ್ಲಿ ಇದು ರೂಲ್ಸು, ಹೊಸ ಹುಡುಗ ಬಂದ ವಾರದಲ್ಲೇ ಕನ್ನಡಕದ ಅಂಗಡಿಗೆ ಕರ್ಕೊಂಡೋಗೋದು. ಹಳ್ಳಿಯಿಂದ ಬಂದ ಎಷ್ಟೋ ಹುಡುಗ್ರು ಹತ್ತೊಂಬತ್ತು ವರ್ಷಕ್ಕೂ ಒಂದ್ಸಲನೂ ಕಣ್ಣು ತೋರಿಸಿರಲ್ಲ.

ಆಮೇಲೆ ನಿದ್ದೆ. ಒಬ್ಬ ಬೆಳಗ್ಗೆ ಹೊತ್ತು ಮೆಷಿನ್ ಮುಂದೆ ನಿಂತೇ ತೂಕಡಿಸ್ತಿದ್ದ, ಸೋಂಬೇರಿ ಅಂತ ಎಲ್ರೂ ಬೈದಿದ್ದೇ ಬೈದಿದ್ದು, ವಿಚಾರಿಸಿದ್ರೆ ನಾವು ಕೊಡೋ ದುಡ್ಡಲ್ಲಿ ರೂಮ್ ಬಾಡಿಗೆ ಕಟ್ಟಕ್ಕಾಗದೆ ರಾತ್ರಿ ಒಂದು ಗಂಟೆ ತನಕ ಫುಡ್ ಡೆಲಿವರಿ ಓಡ್ಸ್ತಿದ್ದ. ಇದಕ್ಕೆ ಹುಡುಗನ್ನ ಕಳಿಸೋದು ಪರಿಹಾರಾನಾ ನೀವೇ ಹೇಳಿ.

ಭಾಷೆ ಇನ್ನೊಂದು. ಕನ್ನಡ ಮೀಡಿಯಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಾಡಿದ ಹುಡುಗ, ಸೀನಿಯರ್ ಮಾತಾಡೋದು ತಮಿಳು ಬೆರೆಸಿದ ಹಿಂದಿ, ಡ್ರಾಯಿಂಗ್ ಪೂರ್ತಿ ಇಂಗ್ಲಿಷು. ಐಟಿಐ ಮುಗಿಸಿ ಬಂದವ್ನಾದ್ರೂ ಅಲ್ಲಿ ಹೆಚ್ಚಾಗಿ ಕಲಿಸೋದು ಫಸ್ಟ್ ಆಂಗಲ್ ಡ್ರಾಯಿಂಗು, ಅಮೆರಿಕಾ ಕಸ್ಟಮರ್ ಇರೋ ಕಂಪನಿ ಜಾಬ್ ಬಂದ್ರೆ ಥರ್ಡ್ ಆಂಗಲ್ಲಲ್ಲಿ ಬರುತ್ತೆ, ಅದ್ರಲ್ಲಿ ಪಕ್ಕದ ನೋಟ ಬರೆಯೋ ಜಾಗ ಅದಲು ಬದಲು, ಗೊತ್ತಿಲ್ದೇ ಎಡಗಡೆ ಹಾಕಬೇಕಿದ್ದ ತೂತನ್ನ ಬಲಗಡೆ ಹಾಕಿಬಿಡ್ತಾನೆ. ಕೇಳಕ್ಕೆ ಭಯ, ಕೇಳಿದ್ರೆ "ಇಷ್ಟೂ ಗೊತ್ತಿಲ್ವಾ" ಅಂತ ಎಲ್ರ ಮುಂದೆ ಮರ್ಯಾದೆ ಹೋಗುತ್ತೆ. ಸೀನಿಯರ್ ಬೈದು ಬೈದು ಹುಡುಗ ಮುದುಡಿ ಹೋಗಿದ್ರೆ ಅವನನ್ನ ಎರಡು ವಾರ ಬೇರೆಯವ್ರ ಕೈ ಕೆಳಗೆ ಹಾಕಿ ನೋಡಿ, ಹುಡುಗ ಬೇರೆಯವನೇ ಆಗಿರ್ತಾನೆ ಕೆಲವು ಸಲ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ನಮ್ಮ ಸೀನಿಯರ್‌ಗೆ ಬಾಯಿಪಾಠ, ಬಗ್ಗಿಸಿದ್ದೀಯೋ ಮುರಿದಿದ್ದೀಯೋ ನೋಡ್ಕೊಳಪ್ಪ ಅಂತ ನಾನೂ ಒಂದ್ಸಲ ಹೇಳ್ದೆ, ಎರಡು ದಿನ ಮಾತಾಡ್ಲಿಲ್ಲ.

ಆರು ವಾರದ ಪಿನ್ನು

ಇಷ್ಟೆಲ್ಲಾ ನೋಡಿದ್ಮೇಲೂ ಅನುಮಾನ ಇದ್ರೆ ಆರು ವಾರ ಟೈಮ್ ಇಟ್ಕೊಳ್ಳಿ, ಹುಡುಗನಿಗೂ ಬಾಯಿಬಿಟ್ಟು ಹೇಳಿ, ಗುಟ್ಟಾಗಿ ಪರೀಕ್ಷೆ ಮಾಡೋದು ಬೇಡ. "ನೋಡಪ್ಪ, ಆರು ವಾರ ಬೆಳಗ್ಗೆ ಒಂದೂವರೆ ಗಂಟೆ ಈ ಮೆಷಿನ್ ನಿಂದೇ, ಯಾರೂ ಕರೆಯಲ್ಲ, ಟೀನೂ ತರೋದು ಬೇಡ. ಆಮೇಲೆ ನಾನು ನೀನು ಕೂತ್ಕೊಂಡು ಬುಕ್ಕು ನೋಡೋಣ" ಅಂತ.

25 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ರಾಡು, 80 ಎಂಎಂ ಕಟ್ ಮಾಡಿದ ಪೀಸು, ಅದ್ರಲ್ಲಿ ಮೂರು ಸ್ಟೆಪ್ಪು, 22, 18, 14, ಎರಡೂ ತುದಿ ಫೇಸಿಂಗು (ಸಪಾಟು ಮಾಡೋದು), ಚೇಂಫರ್. ದಿನಾ ಎರಡು ಪೀಸು, ಅಷ್ಟೇ. ಖರ್ಚು ಜಾಸ್ತಿ ಅಂತೀರಾ, ನಮ್ಮ ಡಿ ಸ್ಕ್ವೇರ್ ಬೈ 162 (ಎಂಎಂ ವ್ಯಾಸದ ವರ್ಗವನ್ನ 162ರಿಂದ ಭಾಗಿಸೋದು) ಲೆಕ್ಕದಲ್ಲಿ 25 ಎಂಎಂ ರಾಡು ಮೀಟರಿಗೆ 3.86 ಕೆಜಿ, ಒಂದು ಪೀಸು 300 ಗ್ರಾಮ್ ಚಿಲ್ಲರೆ, ಆರು ವಾರಕ್ಕೆ ಎಪ್ಪತ್ತೆರಡು ಪೀಸು ಅಂದ್ರೂ ಇಪ್ಪತ್ತೆರಡು ಕೆಜಿ, ಒಂದು ಒಳ್ಳೆ ಮೈಕ್ರೋಮೀಟರ್ ರೇಟಿಗಿಂತ ಕಮ್ಮಿಲಿ ಮುಗಿಯುತ್ತೆ, ಬರ್ ಮಾರಿದ್ರೆ ಸ್ವಲ್ಪ ವಾಪಸ್ಸೂ ಬರುತ್ತೆ.

ಒಂದು ಇನ್ನೂರು ಪೇಜ್ ಬುಕ್ ಕೊಡಿ. ಪೀಸ್ ಮುಗಿದ ತಕ್ಷಣ, ತಣ್ಣಗಾದ ಮೇಲೆ, ಅವನೇ ಅಳೆದು ಅವನ ರೀಡಿಂಗ್ ಬರೀಬೇಕು, ಬರೆದಾದ್ಮೇಲೇ ನೀವು ಅಳೆದು ಪಕ್ಕದಲ್ಲಿ ನಿಮ್ಮದು ಬರೀಬೇಕು. ಈ ಆರ್ಡರ್ ತಪ್ಪಿಸ್ಬೇಡಿ, ನೀವು ಮೊದಲು ಹೇಳಿದ್ರೆ ಅವನು ಅದನ್ನೇ ಬರೀತಾನೆ. ಮೊದಲ ಎರಡು ವಾರ ±0.05 ಬಂದ್ರೆ ಸಾಕು, ಮೂರನೇ ವಾರದಿಂದ ±0.02 ಅಂತ ಹೇಳಿ. ಮೂರನೇ ವಾರ ಎಲ್ರೂ ಮುಗ್ಗರಿಸ್ತಾರೆ, ಆವಾಗ ಗಾಬರಿಯಾಗಿ ಫೈಸಲ್ ಮಾಡ್ಬಿಡಬೇಡಿ.

ಬುಕ್ಕು ಓದೋದು ಹೇಗೆ ಅಂದ್ರೆ, ಎರಡು ಅಂಕಣ ಬೇರೆ ಬೇರೆ ಕಥೆ ಹೇಳುತ್ತೆ. ಅವನ ರೀಡಿಂಗಿಗೂ ನಿಮ್ಮ ರೀಡಿಂಗಿಗೂ ಹೊಂದ್ತಾ ಇದೆ, ಆದ್ರೆ ಸೈಜ್ ಮಾತ್ರ ಬಂದಿಲ್ಲ ಅಂದ್ರೆ ಕಣ್ಣು ತಲೆ ಎರಡೂ ಸರಿ ಇದೆ, ಕೈಗೆ ಟೈಮ್ ಬೇಕು, ಇಂಥವ್ನನ್ನ ಇಟ್ಕೊಳ್ಳಿ. ಸೈಜೂ ಬರ್ತಿದೆ ರೀಡಿಂಗೂ ಹೊಂದ್ತಿದೆ ಆದ್ರೆ ಎರಡು ಪೀಸಿಗೆ ಒಂದೂವರೆ ಗಂಟೆ ಸಾಲದೆ ಎರಡೂವರೆ ಗಂಟೆ ತಗೋತಾನೆ ಅಂದ್ರೆ ಅದಂತೂ ಚಿಂತೆನೇ ಬೇಡ. ಕಣ್ಣು ಸರಿ ಇದೆ, ಹೇಳ್ಕೊಟ್ಟಿದೀರ, ಭಯ ಇಲ್ಲ, ಆದ್ರೂ ಐದನೇ ವಾರದಲ್ಲೂ ಅವನ ರೀಡಿಂಗು ನಿಮ್ಮದಕ್ಕಿಂತ ದಿನಕ್ಕೊಂದು ಥರ ದೂರ ಇದ್ರೆ, ಮೊದಲನೇ ವಾರದ ತಪ್ಪೇ ಆರನೇ ವಾರದಲ್ಲೂ ಕೂತಿದ್ರೆ, ಈ ಕೆಲಸ ಅವನಿಗೆ ಒಗ್ತಾ ಇಲ್ಲ. ಬುಕ್ಕನ್ನೇ ಬರೀದೆ ಎರಡೆರಡು ದಿನ ಬಿಟ್ಟಿದ್ರೆ, ಅಥವಾ ಎಲ್ಲಾ ಪೀಸಿಗೂ 22.00, 18.00, 14.00 ಅಂತ ಚೆಂದಾಗಿ ಬರೆದಿಟ್ಟಿದ್ರೆ, ಉತ್ತರ ಆಗ್ಲೇ ಸಿಕ್ಕಿದೆ ನಿಮಗೆ.

ಆರು ವಾರನೂ ಕಾಯದ ವಿಷಯಗಳು

ಚಕ್ ಕೀನ ಚಕ್ಕಲ್ಲೇ (ಜಾಬ್ ಹಿಡಿದು ತಿರುಗೋ ಭಾಗ) ಬಿಟ್ಟು ಮೆಷಿನ್ ಆನ್ ಮಾಡೋದು. ನೋಡಿದವ್ರಿಗೆ ಗೊತ್ತು, ಆ ಕೀ ಹಾರಿದ್ರೆ ಯಾರ ಮುಖಕ್ಕೆ ಬೀಳುತ್ತೆ ಅಂತ ಹೇಳಕ್ಕಾಗಲ್ಲ. ಮೊದಲ ಸಲ ಯಾರಾದ್ರೂ ಮರೀತಾರೆ, ಬೈದು, ಕೀ ಹಾಕಕ್ಕೆ ಜಾಗ ತೋರಿಸಿ ಬಿಡಿ. ಎರಡನೇ ಸಲ ಆದ್ರೆ ಒಂದು ವಾರ ಮೆಷಿನ್ನಿಂದ ಇಳಿಸಿ. ಮೂರನೇ ಸಲಕ್ಕೆ ನಾನು ಇಟ್ಕೊಳ್ಳಲ್ಲ, ಎಷ್ಟೇ ಒಳ್ಳೆ ಹುಡುಗ ಆಗಿದ್ರೂ. ಗ್ಲೌಸ್ ಹಾಕ್ಕೊಂಡು ಲೇಥ್ ಓಡಿಸೋದು, ತುಂಬು ತೋಳಿನ ಅಂಗಿ ಗುಂಡಿ ಬಿಚ್ಚಿಕೊಂಡು ಬರೋದು, ಸುರುಳಿ ಬರ್ ಕೈಯಲ್ಲಿ ಎಳೆಯೋದು, ತಿರುಗ್ತಿರೋ ಜಾಬಿಗೇ ವರ್ನಿಯರ್ ಹಿಡಿಯೋದು, ಚಕ್ಕನ್ನ ಕೈಯಿಂದ ನಿಲ್ಲಿಸೋದು, ಕಟ್ ಹೋಗ್ತಿರುವಾಗ ಮೊಬೈಲ್ ನೋಡೋದು, ಇವೂ ಹಂಗೇ. ಕೈ ಪಳಗದಿದ್ರೆ ಹೋಗೋದು ಮೆಟೀರಿಯಲ್ಲು, ಇಲ್ಲಿ ಹೋಗೋದು ಬೆರಳು. ಇಲ್ಲಿ ಅಯ್ಯೋ ಪಾಪ ಅನ್ನಬೇಡಿ, ಬೆರಳು ಹೋದ್ಮೇಲೆ ಅವನ ಅಮ್ಮನ ಮುಂದೆ ನಿಲ್ಲಬೇಕಾದವ್ರು ನೀವು.

ಇನ್ನೊಂದು, 18 ತುಂಬದ ಹುಡುಗನ್ನ ಯಾರೋ ಊರವ್ರು ಕೈ ಮುಗಿದ್ರು ಅಂತ ಮೆಷಿನ್ ಮೇಲೆ ನಿಲ್ಲಿಸಲೇಬೇಡಿ. ಅವನು ಕಲೀತಾನೋ ಇಲ್ವೋ ಅನ್ನೋ ಪ್ರಶ್ನೆನೇ ಬರಲ್ಲ ಅಲ್ಲಿ.

ಮುಚ್ಚಿಡೋದು ಸ್ವಲ್ಪ ತಲೆ ಓಡಿಸಬೇಕಾದ ವಿಷಯ. ಕೆಟ್ಟ ಪೀಸನ್ನ ಬರ್ ಡ್ರಮ್ಮಿನ ತಳಕ್ಕೆ ತೂರಿಸಿದಾನೆ ಅಂದ್ರೆ ಮೊದಲ ಸಲ ಅದು ನಿಮ್ಮ ಶೆಡ್ಡಿನ ತಪ್ಪು ಅಂತ ನನ್ನ ಲೆಕ್ಕ, ಬೈಗುಳಕ್ಕೆ ಹೆದರಿ ಮಾಡಿರ್ತಾನೆ. "ಕೆಡಿಸಿದ್ರೆ ಬೈಯಲ್ಲ, ಮುಚ್ಚಿಟ್ರೆ ಬಿಡಲ್ಲ" ಅಂತ ನೇರವಾಗಿ ಹೇಳಿ. ಅದಾದ್ಮೇಲೂ ಅಂಡರ್ ಸೈಜ್ ಪೀಸನ್ನ ಒಳ್ಳೆ ಪೀಸುಗಳ ಜೊತೆ ಕಲಸಿ ಕಸ್ಟಮರ್‌ಗೆ ಹೋಗೋಕ್ ಬಿಟ್ರೆ ಮಾತ್ರ ಅದೇ ವಾರ ಲೆಕ್ಕ ಮುಗಿಸಿ. ಐನೂರು ಪೀಸಲ್ಲಿ ಒಂದು ಸಿಕ್ರೂ ಅವ್ರು ಇಡೀ ಲಾಟ್ ವಾಪಸ್ ಕಳಿಸ್ತಾರೆ.

ಪಾಪ ಅಂತ ಎಳೆಯೋದು

ಇದು ನಮ್ಮವ್ರಿಗೆ ಜಾಸ್ತಿ ಬರೋ ಕಾಯಿಲೆ. ನಮ್ಮೂರ ಕಡೆ ಹುಡುಗ ಒಬ್ಬ, ಅವರಮ್ಮ ನಮ್ಮತ್ತೆಗೆ ಬೇಕಾದವ್ರು, ತಂದೆ ಇಲ್ಲ. ಒಂದೂವರೆ ವರ್ಷಕ್ಕೇ ನಂಗೆ ಗೊತ್ತಾಗಿತ್ತು ಇವನಿಗೆ ಲೇಥ್ ಒಗ್ಗಲ್ಲ ಅಂತ. ಒಳ್ಳೆ ಹುಡುಗ, ನಿಯತ್ತಿನೋನು, ಒಂದು ದಿನ ರಜಾ ಹಾಕಿದೋನಲ್ಲ, ಆದ್ರೆ ಮೆಷಿನ್ ಮುಂದೆ ನಿಂತ್ರೆ ಕೈ ಬೆವರೋದು. ಹೇಳೋಕೆ ಬಾಯಿ ಬರ್ದೇ ಮೂರು ವರ್ಷ ಎಳೆದೆ. ಕಲಿಯೋನು ಅನ್ನೋ ಹೆಸರಲ್ಲೇ ಇದ್ದ, ಹಂಗಾಗಿ ಸಂಬಳನೂ ಹೆಲ್ಪರ್ ಸಂಬಳಕ್ಕಿಂತ ಕಮ್ಮಿನೇ, ನಾನು ಅದನ್ನ ಉಪಕಾರ ಅಂದ್ಕೊಂಡಿದ್ದೆ! ಕೊನೆಗೆ ಅವನೇ ಒಂದಿನ ಬಂದು, "ಅಣ್ಣ, ನನ್ ಜೊತೆ ಎಸ್ಸೆಸ್ಸೆಲ್ಸಿ ಮಾಡಿದೋನು ವೆಲ್ಡಿಂಗ್ ಮುಗಿಸಿ ಫ್ಯಾಬ್ರಿಕೇಷನ್‌ನಲ್ಲಿ ನನ್ನ ಎರಡರಷ್ಟು ತಗೋತಿದಾನೆ, ನಂಗೆ ಇದು ಬರಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಲ್ವಾ" ಅಂದ. ಗೊತ್ತಿತ್ತು. ಐಟಿಐ ವೆಲ್ಡರ್ ಟ್ರೇಡು 1 ವರ್ಷದ್ದು, ನಾನು ತಡ ಮಾಡಿದ ಒಂದೂವರೆ ವರ್ಷದಲ್ಲಿ ಅವನು ಅದನ್ನ ಮುಗಿಸಿ ಆರು ತಿಂಗಳು ದುಡಿದೂ ಇರ್ತಿದ್ದ.

ಹತ್ತೊಂಬತ್ತು ವರ್ಷಕ್ಕೆ ಕೆಲಸ ಬದಲಾಯಿಸೋದು ಸುಲಭ, ಇಪ್ಪತ್ಮೂರಕ್ಕೆ ಮನೇಲಿ ಮದುವೆ ಮಾತು ಬೇರೆ ಶುರುವಾಗಿರುತ್ತೆ. ಅದಕ್ಕೆ ಆರು ವಾರ ಅಂದ್ರೆ ಆರು ವಾರ, ಇನ್ನೊಂದು ನಾಲ್ಕು ವಾರ ಬೇಕಾದ್ರೆ ಸೇರಿಸಿ, ಅದೂ ಬುಕ್ಕಲ್ಲಿ ಏನಾದ್ರೂ ಇಂಪ್ರೂವ್‌ಮೆಂಟ್ ಕಂಡಿದ್ರೆ ಮಾತ್ರ.

ಕಾಗದ ಪತ್ರ

ಹುಡುಗನನ್ನ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಕಾಂಟ್ರಾಕ್ಟ್ ಮಾಡ್ಕೊಂಡು ತಗೊಂಡಿದ್ರೆ "ನಾಳೆಯಿಂದ ಬರಬೇಡ" ಅನ್ನೋ ಹಂಗಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕಾಂಟ್ರಾಕ್ಟ್ ಮಧ್ಯದಲ್ಲಿ ಮುರಿಯಬೇಕಾದ್ರೆ ಅಪ್ರೆಂಟಿಸ್‌ಶಿಪ್ ಅಡ್ವೈಸರ್‌ಗೆ ಅರ್ಜಿ ಹಾಕ್ಬೇಕು, ಅದ್ರ ಕಾಪಿ ಹುಡುಗನಿಗೂ ಹೋಗ್ಬೇಕು, ತಪ್ಪು ನಿಮ್ಮ ಕಡೆ ಅಂತಾದ್ರೆ ಪರಿಹಾರ ಕೊಡಬೇಕಾಗುತ್ತೆ. ನಿಮ್ಮ ಆ ಆರು ವಾರದ ಬುಕ್ಕು ಅಲ್ಲಿ ಕೆಲಸಕ್ಕೆ ಬರುತ್ತೆ. 30 ಜನ ಅಥವಾ ಜಾಸ್ತಿ ಇರೋ ಕಡೆ ಅಪ್ರೆಂಟಿಸ್ ತಗೊಳ್ಳೋದು ಕಡ್ಡಾಯ, 4ರಿಂದ 29 ಜನ ಇದ್ರೆ ನಿಮ್ಮಿಷ್ಟ, ಹಂಗಾಗಿ ನಮ್ಮಂಥ ಸಣ್ಣ ಶೆಡ್ಡಲ್ಲಿ ಮುಕ್ಕಾಲುವಾಸಿ ಹುಡುಗ್ರು ಯಾವ ಕಾಗದನೂ ಇಲ್ದೇ ಬಂದಿರ್ತಾರೆ. ಕಾಗದ ಇಲ್ಲ ಅಂದ ಮಾತ್ರಕ್ಕೆ ಲೆಕ್ಕ ಇಲ್ಲ ಅಂತಲ್ಲ, ಕೆಲಸ ಮಾಡಿದ ಕೊನೇ ದಿನದ ತನಕ ದುಡ್ಡು, ಓಟಿ ಇದ್ರೆ ಅದೂ, ಅವತ್ತೇ ಕೊಡಿ. ಕೆಡಿಸಿದ ಮೆಟೀರಿಯಲ್ ದುಡ್ಡು ಹಿಡ್ಕೊಳ್ಳೋದು ಅಸಹ್ಯ. ಮಾರ್ಕ್ಸ್ ಕಾರ್ಡ್ ಒರಿಜಿನಲ್ಲು ಇಟ್ಕೊಂಡಿರ್ತಾರೆ ಕೆಲವ್ರು, ಓಡಿಹೋಗಬಾರದು ಅಂತ, ಅದನ್ನ ಇಟ್ಕೊಂಡಿದ್ದೇ ತಪ್ಪು, ಮೊದಲು ಅದನ್ನ ಕೈಗೆ ಕೊಟ್ಟು ಆಮೇಲೆ ಮಾತು ಶುರು ಮಾಡಿ.

ಹೇಳೋದು ಹೇಗೆ

ಶನಿವಾರ ಸಾಯಂಕಾಲ ಬಟವಾಡೆ ಹೊತ್ತಲ್ಲಿ ಎಲ್ರ ಮುಂದೆ ಬೇಡ. ಆಯುಧ ಪೂಜೆಗೆ ಹದಿನೈದು ದಿನ ಇದ್ದಾಗಲೂ ಬೇಡ, ಬೋನಸ್ ಉಳಿಸಕ್ಕೆ ಕಳಿಸಿದ್ರು ಅಂತ ಪೀಣ್ಯ ಪೂರ್ತಿ ಮಾತಾಗುತ್ತೆ, ಮಾತಾಗೋದೂ ಸರಿನೇ. ವಾರದ ಮಧ್ಯ ಒಂದಿನ, ಊಟ ಆದ್ಮೇಲೆ, ಶೆಡ್ಡಿನ ಹೊರಗೆ ಎಲ್ಲಾದ್ರೂ. ಕರ್ಕೊಂಡು ಬಂದ ಮಾವನಿಗೋ ಅಣ್ಣನಿಗೋ ಮೊದಲು ಹೇಳೋದು ನಮ್ಮ ರೂಢಿ, ನಾನು ಹಂಗೆ ಮಾಡಲ್ಲ, ಹುಡುಗನಿಗೇ ಮೊದಲು, ಆಮೇಲೆ ಅವನ ಎದುರಿಗೇ ಅವರಿಗೆ ಫೋನು. ಬುಕ್ಕು ತೆಗೆದು ಮುಂದಿಡಿ. ಸುಮಾರು ಹೀಗೆ ನಡೆಯುತ್ತೆ:

"ಬುಕ್ಕು ನೋಡಿದ್ಯಾ?"

"ನೋಡ್ದೆ ಅಣ್ಣ."

"ಏನನ್ಸುತ್ತೆ ನಿಂಗೆ?"

ಸುಮ್ನಿರ್ತಾನೆ. ನೀವೂ ಸುಮ್ನಿರಿ ಸ್ವಲ್ಪ ಹೊತ್ತು, ಗಡಿಬಿಡಿಲಿ ಸಮಾಧಾನ ಹೇಳಕ್ಕೆ ಹೋಗಬೇಡಿ. ಎಷ್ಟೋ ಸಲ ಅವರೇ ಹೇಳ್ತಾರೆ, "ಆಗ್ತಿಲ್ಲ ಅಣ್ಣ" ಅಂತ.

"ನೀನು ದಡ್ಡ ಅಂತಲ್ಲ ಕಣೋ, ಈ ಮೆಷಿನ್ನಿಗೂ ನಿಂಗೂ ಹೊಂದ್ತಿಲ್ಲ. ಈ ತಿಂಗಳು ಪೂರ್ತಿ ಸಂಬಳ ಕೊಡ್ತೀನಿ, ಬೆಳಗ್ಗೆ ಹೊತ್ತು ಬೇರೆ ಕೆಲಸ ಹುಡುಕ್ಕೋ, ನಾನೂ ನಾಲ್ಕು ಕಡೆ ಹೇಳ್ತೀನಿ."

"ಮುಂದೆ ನೋಡೋಣ" "ಕೆಲಸ ಜಾಸ್ತಿ ಆದ್ರೆ ಕರೀತೀನಿ" ಅಂತ ಮಾತ್ರ ಹೇಳಬೇಡಿ. ಕರೆಯಲ್ಲ ಅಂತ ನಿಮಗೆ ಗೊತ್ತು, ಅವನು ಮೂರು ತಿಂಗಳು ಆ ಫೋನಿಗೆ ಕಾಯ್ತಾನೆ. ಮನೆಯವ್ರಿಗೆ ಫೋನ್ ಮಾಡಿದಾಗ "ನಿಮ್ಮ ಹುಡುಗ ಕೆಟ್ಟೋನಲ್ಲ ಅಮ್ಮ, ನಿಯತ್ತಾಗಿದ್ದ" ಅನ್ನೋ ಮಾತು ಮೊದಲು ಬರ್ಲಿ, ಇಲ್ಲಾಂದ್ರೆ ಕದ್ದು ಸಿಕ್ಕಿಬಿದ್ದ ಅಂತಲೇ ಊರಲ್ಲಿ ಅಂದ್ಕೊಳ್ಳೋದು.

ಎಲ್ಲಿಗೆ ಕಳಿಸೋದು ಅಂತ ನೀವೇ ಸ್ವಲ್ಪ ಯೋಚನೆ ಮಾಡಿರಿ. ಅಳತೆ ಓದೋದು ಚೆನ್ನಾಗಿದ್ದು ಕೈ ಮಾತ್ರ ಬರದಿದ್ದೋನು ಇನ್ಸ್‌ಪೆಕ್ಷನ್‌ಗೆ ಚೆನ್ನಾಗಿ ಹೊಂದ್ತಾನೆ. ಸುತ್ತಿಗೆ ಫೈಲು ಹಿಡಿದ್ರೆ ಚುರುಕಾಗೋನು ಫಿಟ್ಟಿಂಗು, ಅಸೆಂಬ್ಲಿಗೆ. ಕೆಲವ್ರಿಗೆ ಹ್ಯಾಂಡಲ್ ತಿರುಗಿಸೋದು ಕಷ್ಟ, ಆದ್ರೆ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮೆಷಿನ್) ಅಲ್ಲಿ ಪ್ರೋಗ್ರಾಮ್ ಬೇಗ ಹತ್ತುತ್ತೆ, ಅಂಥವ್ರಿಗೆ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕೋರ್ಸ್ ಯಾವ್ದಿದೆ ವಿಚಾರಿಸಿ ಹೇಳಿ, 1972ರಿಂದ ಇದೆ ಅದು, ಡೆನ್ಮಾರ್ಕ್ ಸಹಾಯದಲ್ಲಿ ಶುರುವಾಗಿದ್ದು, ಈಗ ಬೆಂಗಳೂರಿನ ಹೊರಗೂ ಸೆಂಟರ್ ಇದಾವೆ. ಅನುಭವದ ಪತ್ರ ಕೇಳಿದ್ರೆ ಕೊಡಿ, ಆದ್ರೆ ಟರ್ನರ್ ಅಂತ ಸುಳ್ಳು ಬರೀಬೇಡಿ, ಮುಂದಿನ ಶೆಡ್ಡಿನವ್ರು ಅದನ್ನ ನಂಬಿ ಮೆಷಿನ್ ಮುಂದೆ ನಿಲ್ಲಿಸ್ತಾರೆ. ಎಷ್ಟು ತಿಂಗಳಿದ್ದ, ಡ್ರಿಲ್ಲಿಂಗು, ಡಿಬರ್ರಿಂಗು, ಅಳತೆ ನೋಡೋದು ಬರುತ್ತೆ, ಸಮಯಕ್ಕೆ ಬರ್ತಿದ್ದ, ಇಷ್ಟು ಬರೆದು ಸೀಲ್ ಹಾಕಿ, ಅದೇ ಸಾಕು.

ಅವನು ಹೋದ ಮಾರನೇ ದಿನ ಬೆಳಗ್ಗೆ ಉಳಿದವ್ರನ್ನ ನಿಲ್ಲಿಸಿ ಎರಡು ಮಾತು ಹೇಳಿ, ಇಂಥವ್ನು ಹೋದ, ಜಗಳ ಏನಿಲ್ಲ, ಲೆಕ್ಕ ಪೂರ್ತಿ ಕೊಟ್ಟಿದೆ ಅಂತ. ಇಲ್ಲಾಂದ್ರೆ ಟೀ ಅಂಗಡಿಲಿ ಬೇರೆನೇ ಕಥೆ ಓಡಾಡುತ್ತೆ. ಕಳೆದ ಸಲ ನಾನು ಹೀಗೆ ಹೇಳಿ ಮುಗಿಸಿದಾಗ ಹಿಂದೆ ಪೊರಕೆ ಹಿಡ್ಕೊಂಡು ನಿಂತಿದ್ದ ಹೊಸ ಹುಡುಗ, ಬಂದು ಎರಡು ತಿಂಗಳೂ ಆಗಿರ್ಲಿಲ್ಲ, ಮೆಲ್ಲಗೆ ಕೇಳ್ದ, "ಅಣ್ಣ, ನಂಗೂ ಆ ಬುಕ್ಕು ಇದ್ಯಾ?"

"ಇದೆ ಕಣೋ, ಸೋಮವಾರದಿಂದ. ಪೊರಕೆ ಅಲ್ಲಿಡು, ಮೊದಲು ಹೋಗಿ ಕಣ್ಣು ಟೆಸ್ಟ್ ಮಾಡಿಸ್ಕೊಂಡು ಬಾ."